ಎರಡನೇ ಪೆಟ್ಟಿನ ಕಲ್ಲು

ನಮ್ಮ ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ಒಂದು ಕರಿಕಲ್ಲಿದೆ. ತಲೆಯ ಮೇಲೆ ಬೊಗಸೆಯಷ್ಟು ಕುಳಿ. ಎರಡನೇ ಪೆಟ್ಟಿನ ಕಲ್ಲು ಎಂದು ಅದರ ಹೆಸರು.

ಹಿಂದೆ ಒಮ್ಮೆ, ಹಡಗುಗಳಿಗೆ ಗಾಳಿ ಬಿಟ್ಟರೆ ಬೇರೆ ಬಲವಿಲ್ಲದ ಕಾಲದಲ್ಲಿ, ಇಲ್ಲಿ ಜಟ್ಟಯ್ಯ ಎಂಬ ತಾಂಡೇಲ, ಹಡಗಿನ ಮುಖ್ಯಸ್ಥ, ಇದ್ದನಂತೆ. ಅವನು ನಡೆಸುತ್ತಿದ್ದ ಮಂಜಿ, ಅಂದರೆ ಮರದ ಹಾಯಿಹಡಗು, ಅಜ್ಜನ ಕಾಲದ್ದು. ಉಪ್ಪು, ಅಕ್ಕಿ, ಹೆಂಚು ಹೊತ್ತು ಹೊತ್ತು ಅದರ ಬೆನ್ನು ಬಾಗಿತ್ತು. ಒಡೆದು ಸೌದೆ ಮಾಡು ಎಂದರು ಊರವರು. ಜಟ್ಟಯ್ಯ ಕೇಳಲಿಲ್ಲ. ಮರಳಿಗೆ ಎಳೆಸಿ, ಕೊಳೆತ ಹಲಗೆ ಕಿತ್ತು ಹೊಸದು ಕೂರಿಸಿದ. ಹೆಂಡತಿ ಮಾದೇವಿ ಹತ್ತಿಯ ಹುರಿ ಹೊಸೆದು ಸಂದಿಗೆ ತುಂಬಿದಳು, ಮೀನೆಣ್ಣೆ ಬಳಿದಳು. ಮಳೆಗಾಲವಿಡೀ ಒದ್ದೆ ಮರಳಲ್ಲಿ ಕೂತು ಅವಳಿಗೆ ಜ್ವರ ಹಿಡಿಯಿತು.

ಹಡಗಿನ ತಳದಲ್ಲಿ ನೀರು ಬಸಿಯಲು ಒಂದು ತೂತು ಇರುತ್ತದೆ. ದಡದಲ್ಲಿದ್ದಷ್ಟು ದಿನ ಅದರ ಬೂಚು ತಾಂಡೇಲನ ಹೆಂಡತಿಯ ಹತ್ತಿರ. ನೀರಿಗಿಳಿಸುವ ದಿನ ಅವಳೇ ಮರದ ಕೊಡತಿಯಿಂದ ಒಂದೇ ಪೆಟ್ಟಿಗೆ ಅದನ್ನು ಕೂರಿಸಬೇಕು. ಎರಡನೇ ಪೆಟ್ಟು ಬಿದ್ದರೆ ತಾಂಡೇಲನಿಗೆ ಎರಡನೇ ಮದುವೆ ಎನ್ನುತ್ತಿದ್ದರು. ಅಂದರೆ ಮೊದಲನೆಯವಳು ಉಳಿಯುವುದಿಲ್ಲ.

ನೂಲಹುಣ್ಣಿಮೆಯ ಉಬ್ಬರ ಬಂತು. ಮಾದೇವಿಯನ್ನು ಎತ್ತಿಕೊಂಡೇ ಮಂಜಿಯ ತಳಕ್ಕಿಳಿಸಿದರು. ಜ್ವರದ ಕೈ, ಪೆಟ್ಟು ಹಗುರಾಯಿತು. ಅತ್ತಿಗೆ ಬೂಚು ಹೊಡೆದಳೋ ನೊಣ ಹೊಡೆದಳೋ ಎಂದು ಮೈದುನ ಸಂಕಪ್ಪ ನಗಾಡಿದ.

"ಸಡ್ಲ ಉಂಟು. ಇನ್ನೊಂದು ಹೊಡಿತೆ," ಎಂದಳು ಅವಳು ಗಂಡನಿಗೆ.

"ಬ್ಯಾಡ. ನಂಗೆ ನೀ ಬೇಕು."

"ಹಂಗಾರೆ ಅಳಿವೆ ದಾಟೂ ತನ್ಕ ಇಲ್ಲೇ ಬೂಚಿಗೆ ಹಿಮ್ಮಡಿ ಒತ್ಕಂಡು ಕೂರ್ತೆ."

ದಾಟಿದ ಮೇಲೆ ದೋಣಿಯಲ್ಲಿ ದಡಕ್ಕೆ ಕಳಿಸಿದರಾಯಿತೆಂದು ಜಟ್ಟಯ್ಯ ಒಪ್ಪಿದ. ಅಲೆ ಒಳನುಗ್ಗದಂತೆ ಮೇಲಿನ ಮುಚ್ಚುಹಲಗೆಯನ್ನು ತಾನೇ ಎಳೆದು ಬಿಗಿದ.

ಅಳಿವೆಯ ನಡುವೆ ಕೆಳಗಿನಿಂದ ಧಡ್ ಎಂದಿತು. ಮತ್ತೆ ಧಡ್, ಧಡ್. ಕೊಡತಿ ಅವಳ ಹತ್ತಿರವೇ ಉಳಿದಿತ್ತು. ಬೇಡವೆಂದರೂ ಬೂಚು ಬಡಿಯುತ್ತಿದ್ದಾಳೆ ಎಂದು ಜಟ್ಟಯ್ಯನಿಗೆ ಸಿಟ್ಟೂ ಭಯವೂ ಆಯಿತು. "ನಿಲ್ಸೇ," ಎಂದು ಹಲಗೆಗೆ ಒದ್ದ. ಬಡಿತ ನಿಂತಿತು. ಅಷ್ಟರಲ್ಲಿ ಮಂಜಿ ನೀರು ತುಂಬಿ ಭಾರವಾಗಿ ಕೂತಿತು. ಹಲಗೆ ಎತ್ತಲು ಹೋದ, ಏಳಲಿಲ್ಲ. ಅವನೇ ಕೂರಿಸಿದ ಹೊಸ ಮರ. ನೀರು ಕುಡಿದು ಕಚ್ಚಿಕೊಂಡಿತ್ತು. ಅವಳು ಬಡಿದದ್ದು ಬೂಚನ್ನಲ್ಲ, ಈ ಹಲಗೆಯನ್ನು ಎಂದು ಅವನಿಗೆ ಆಗ ತಿಳಿಯಿತು.

ಮಂಜಿ ಮುಳುಗುವಾಗ, ಜೊತೆಗಿದ್ದ ಸಂಕಪ್ಪ ಅಣ್ಣನ ಜುಟ್ಟು ಹಿಡಿದು ಈ ಕಲ್ಲಿಗೆ ಎಳೆದು ತಂದನಂತೆ. ಮಂಜಿ ಒಡೆದ ಮೇಲೆ ಕೊಡತಿ ತೇಲಿ ಬಂತು. ಅವಳು ಬರಲಿಲ್ಲ. ಜಟ್ಟಯ್ಯ ಸಾಯುವ ತನಕ ಅದೇ ಕೊಡತಿಯಿಂದ ಕಲ್ಲಿಗೆ ಒಂದು ಪೆಟ್ಟು ಹಾಕುತ್ತಿದ್ದ, ಮರುಬಡಿತಕ್ಕೆ ಕಾಯುತ್ತಿದ್ದ, ಮತ್ತೆ ಹಾಕುತ್ತಿದ್ದ ಎನ್ನುತ್ತಾರೆ.

ಈಗ ದೋಣಿಗಳಿಗೆ ಎಂಜಿನ್ನು ಬಂದಿದೆ. ಆದರೂ ನೀರಿಗಿಳಿಸುವ ದಿನ ಹೆಂಡತಿ ಬೂಚು ಹೊಡೆದ ಮೇಲೆ ಗಂಡ ಇನ್ನೊಂದು ಪೆಟ್ಟು ಹಾಕುತ್ತಾನೆ. ಆಮೇಲೆ ಈ ಕಲ್ಲಿಗೂ ಒಂದು. ಹಾಕಿ ಹಾಗೇ ಹೋಗುವವರಿಲ್ಲ. ಕುಳಿಗೆ ಕಿವಿಯಿಟ್ಟು, ಕೆಳಗೆ ಏನೂ ಬಡಿಯುತ್ತಿಲ್ಲವೆಂದು ನೋಡಿಕೊಂಡೇ ದೋಣಿ ಹತ್ತುತ್ತಾರೆ.