ತಗ್ಗಿನಲ್ಲಿರುವ ಮೇಲೂರು

ಮೇಲೂರು ಎಂಬ ಹೆಸರು ಕೇಳಿ ಗುಡ್ಡ ಹತ್ತಲು ಸಿದ್ಧರಾಗಿ ಬಂದವರು ಮೊದಲು ಪೆಚ್ಚಾಗುತ್ತಾರೆ. ಕೋಟೆಗುಡ್ಡದ ಬುಡದಲ್ಲಿ, ಕೆರೆಯ ಏರಿಗಿಂತಲೂ ಕೆಳಗೆ, ಸದಾ ನೀರು ಜಿನುಗುವ ತಗ್ಗಿನಲ್ಲಿ ಒಂದಷ್ಟು ಹೆಂಚಿನ ಮನೆಗಳು, ಸುಣ್ಣ ಬಳಿದ, ಶಿಲುಬೆ ಹೊತ್ತ ಪುಟ್ಟದೊಂದು ಇಗರ್ಜಿ. ಇಷ್ಟೇ ಮೇಲೂರು. ಸುತ್ತಲಿನವರು ‘ಮೇಲೂರಿಗೆ ಇಳಿದು ಬರ್ತೀನಿ’ ಎಂದರೆ ಹೊಸಬರಿಗೆ ನಗು ಬರುತ್ತದೆ. ನಗಲಿ ಬಿಡಿ. ಹೆಸರಿಟ್ಟವರಿಗೆ ಮೇಲು ಯಾವುದು, ಕೆಳಗು ಯಾವುದು ಎಂಬುದು ಚೆನ್ನಾಗಿಯೇ ಗೊತ್ತಿತ್ತು.

ಹಿಂದೆ ಒಮ್ಮೆ ಈ ಸೀಮೆ ಕದಿರಪ್ಪನಾಯಕನೆಂಬ ಪಾಳೆಯಗಾರನ ಕೈಯಲ್ಲಿತ್ತು ಎನ್ನುತ್ತಾರೆ. ಆಗ ಈ ತಗ್ಗಿಗೆ ಹೆಸರೇ ಇರಲಿಲ್ಲ. ಕುಷ್ಠ ಹತ್ತಿದವರನ್ನು ಇಲ್ಲಿಗೆ ಅಟ್ಟುತ್ತಿದ್ದರು, ಅಷ್ಟೆ. ಅಂಥ ಜಾಗಕ್ಕೆ ಹೆಸರಿಡುವ ಗೋಜಿಗೆ ಯಾರು ಹೋಗುತ್ತಾರೆ? ಅವರ ನಡುವೆ ಗುಡಿಸಲು ಹಾಕಿಕೊಂಡು ಇನ್ನಾಸಮ್ಮ ಎಂಬ ಸೂಲಗಿತ್ತಿ ಇದ್ದಳು. ಕ್ರೈಸ್ತಳು, ವಿಧವೆ, ಬಾಯಿ ಸ್ವಲ್ಪ ಜೋರು. ಹೆರಿಗೆ ಮಾಡಿಸಿ ತಂದ ರಾಗಿಯಲ್ಲಿ ಅವರಿಗೆ ಅಂಬಲಿ ಕಾಯಿಸುತ್ತಿದ್ದಳು, ಬೇವಿನ ನೀರಿನಲ್ಲಿ ಹುಣ್ಣು ತೊಳೆಯುತ್ತಿದ್ದಳು. ಅವಳನ್ನು ಕಂಡು ಮೂಗು ಮುರಿಯುವವರೂ ಹೆರಿಗೆ ಕಷ್ಟವಾದಾಗ ಅವಳನ್ನೇ ಕರೆಯುತ್ತಿದ್ದರು.

ನಾಯಕನ ಸೊಸೆಯ ಹೊಟ್ಟೆಯಲ್ಲಿ ಮಗು ಅಡ್ಡ ತಿರುಗಿದಾಗಲೂ ಹಾಗೆಯೇ ಕೋಟೆಯಿಂದ ಕರೆ ಬಂತು. ತಾಯಿ, ಮಗು ಇಬ್ಬರೂ ಉಳಿದರು. ನಾಯಕ ಹಿಗ್ಗಿ ಹೀರೇಕಾಯಿಯಾದ. ಕೋಟೆಯೊಳಗೆ ಮಾಳಿಗೆ ಮನೆ, ಬದುಕಿರುವವರೆಗೆ ಊಟ ಬಟ್ಟೆ ಎಂದ. ಒಂದೇ ಕಟ್ಟಳೆ: ಇನ್ನು ಆ ತಗ್ಗಿಗೆ ಕಾಲಿಡಕೂಡದು. ಇನ್ನಾಸಮ್ಮನಿಗೆ ಆಸೆಯಾಗಲಿಲ್ಲವೇ? ಆಯಿತು, ಸುಳ್ಳೇಕೆ! ಮಂಡಿ ನೋವು, ಸೋರುವ ಗುಡಿಸಲು. ಮೆತ್ತನೆಯ ಹಾಸಿಗೆ ಯಾರಿಗೆ ಬೇಡ? ಆದರೆ ಅಂಬಲಿಗಾಗಿ ದಾರಿ ಕಾಯುವವರು ನೆನಪಾದರು, ಎದೆ ಗಟ್ಟಿಯಾಯಿತು. “ಬೇಡ ಬುದ್ಧಿ. ನಂಗೆ ಮೇಲೂರಲ್ಲಿ ಮನೆ ಕಟ್ಟಿ ಆಗೈತೆ. ನಮ್ಮಪ್ಪ ಕಟ್ಟಿಸವ್ನೆ,” ಎಂದು ಕೈಮುಗಿದು ಗುಡ್ಡ ಇಳಿದುಬಿಟ್ಟಳು.

ನಾಯಕನಿಗೆ ಮೈಯೆಲ್ಲ ಉರಿಯಿತು. ತನಗೆ ತಿಳಿಯದ ಮೇಲೂರು ಯಾವುದು? ಪಕ್ಕದ ಪಾಳೆಯಗಾರ ಇವಳನ್ನು ಒಳಗೊಳಗೇ ಕೊಂಡುಕೊಂಡನೇ? ಕುದುರೆಯವರು ದಿಕ್ಕುದಿಕ್ಕಿಗೆ ಓಡಿ, ಸಿಕ್ಕಸಿಕ್ಕವರನ್ನೆಲ್ಲ ಕೇಳಿ, ಅಂಥ ಊರೇ ಇಲ್ಲವೆಂದು ಬರಿಗೈಯಲ್ಲಿ ಮರಳಿದರು. ಸುಳ್ಳಾಡಿದ್ದಾಳೆ, ತಗ್ಗಿನ ಗುಡಿಸಲುಗಳಿಗೆಲ್ಲ ಬೆಂಕಿ ಇಡಿಸುತ್ತೇನೆ ಎಂದು ನಾಯಕ ಮೂಗಿಗೆ ವಸ್ತ್ರ ಹಿಡಿದು ತಾನೇ ಇಳಿದು ಬಂದ. ಇನ್ನಾಸಮ್ಮ ಒಬ್ಬ ಮುದುಕನ ಕಾಲು ತೊಳೆಯುತ್ತಿದ್ದಳು.

“ಎಲ್ಲೇ ನಿನ್ನ ಮೇಲೂರು?”

ಅವಳು ಒದ್ದೆ ಕೈಯನ್ನೇ ಆಕಾಶಕ್ಕೆ ಎತ್ತಿದಳು. “ನಮ್ಮಪ್ಪ ಅಂದ್ರೆ ದೇವರು, ಬುದ್ಧಿ.”

“ಸತ್ತಮೇಲೆ ಅಲ್ಲಿ ಮನೆ ಇರದೇ ಹೋದರೆ?”

“ಮಾತು ಕೊಟ್ಟಿರೋನು ಅವನು. ನನ್ನ ಬೀದೀಲಿ ನಿಲ್ಲಿಸ್ತಾನಾ?”

ಮುದುಕ ಮೆಲ್ಲಗೆ ಕೇಳಿದ: “ನಂಗೂ ಜಾಗ ಐತೇನವ್ವಾ ಅಲ್ಲಿ?”

“ನಿಂಗಿಲ್ದಿದ್ರೆ ನಾನ್ಯಾಕೆ ಹೋಗ್ಲಿ! ನನ್ನ ಪಕ್ಕದ ಮನೇನೇ ನಿಂದು. ಅಲ್ಲೂ ನಿನ್ನ ಗೊಣಗಾಟ ನಂಗೆ ತಪ್ಪೋದಿಲ್ಲ.”

ಎಷ್ಟೋ ವರ್ಷಗಳಿಂದ ಯಾರೂ ಆ ಮುದುಕನನ್ನು ಯಾವೂರು ಎಂದು ಕೇಳಿರಲಿಲ್ಲ. ಅವನು ನಾಯಕನ ಕಡೆ ತಿರುಗಿ, ಕೇಳದಿದ್ದರೂ ಹೇಳಿದ: “ಹಂಗಾದ್ರೆ ನಾನೂ ಮೇಲೂರೋನೇ ಬುದ್ಧಿ.” ಅಕ್ಕಪಕ್ಕದ ಗುಡಿಸಲುಗಳಿಂದ “ನಾನೂ”, “ನಾನೂ” ಎಂಬ ದನಿಗಳೆದ್ದವು. ನಾಯಕ ಮೂಗಿನ ವಸ್ತ್ರ ತೆಗೆದ, ಬೆಂಕಿಯ ಸುದ್ದಿ ಎತ್ತದೆ ಹಿಂದಿರುಗಿದ. ತಗ್ಗಿಗೆ ಹೆಸರು ನಿಂತದ್ದು ಅಂದಿನಿಂದ.

ಇನ್ನಾಸಮ್ಮ ತೀರಿಕೊಂಡಾಗ ಗೋರಿಯ ಮೇಲೆ ಮಂಟಪ ಕಟ್ಟಿಸಲೆಂದು ನಾಯಕ ಬಂಡಿಗಳಲ್ಲಿ ಕಲ್ಲುಕಂಬ ಕಳಿಸಿದನಂತೆ. ಮೇಲೂರಿನವರು ಇಳಿಸಿಕೊಂಡರು, ನಿಲ್ಲಿಸಲು ಮಾತ್ರ ಒಪ್ಪಲಿಲ್ಲ. “ಅವ್ವನ ಮನೆ ಕಟ್ಟಿ ಆಗೈತೆ,” ಎಂದರು. ಇಂದಿಗೂ ಇಗರ್ಜಿಯ ಪಕ್ಕದಲ್ಲಿ ಆ ಗೋರಿ ಸೂರಿಲ್ಲದೆ ಬಿಸಿಲು ಮಳೆಗೆ ಮೈಯೊಡ್ಡಿ ಮಲಗಿದೆ. ಹಂಸ ಕೆತ್ತಿದ ಕಂಬಗಳು ಹುಲ್ಲಿನಲ್ಲಿ ಅಡ್ಡ ಬಿದ್ದಿವೆ. ಭಾನುವಾರ ಪೂಜೆ ಮುಗಿಸಿದವರು ಅವುಗಳ ಮೇಲೆ ಕೂತು ಬುತ್ತಿ ಬಿಚ್ಚುತ್ತಾರೆ.