ಮುದ್ದಲಿಂಗ ಅನ್ವಯ ಕಲಿತದ್ದು

ಕೆಂಪೀರಮ್ಮನಿಗೆ ಒಬ್ಬನೇ ಮಗ, ಮುದ್ದಲಿಂಗ. ದೇವರು ಅವನಿಗೆ ಮೈಯನ್ನು ಧಾರಾಳವಾಗಿ ಕೊಟ್ಟ, ಬುದ್ಧಿ ಕೊಡುವ ಹೊತ್ತಿಗೆ ಕೈ ಸೋತಿತ್ತು.

ಒಂದು ದಿನ ಓಡೋಡಿ ಬಂದ. "ಅವ್ವಾ! ಬಾವಿ! ಎಮ್ಮೆ! ಬಿತ್ತು!"

ಕೆಂಪೀರಮ್ಮ ಎದೆ ಬಡಕೊಂಡಳು. ಕೇರಿಗೆ ಕೇರಿಯೇ ಹಗ್ಗ ಹಿಡಿದು ಓಡಿತು. ನೋಡಿದರೆ ಎಮ್ಮೆ ಬಾವಿಯ ಪಕ್ಕದಲ್ಲಿ ನಿಂತು ಮೆಲುಕು ಹಾಕುತ್ತಿದೆ! ಬಾವಿಗೆ ಬಿದ್ದದ್ದು ಬಿಂದಿಗೆ. ಮುದ್ದಲಿಂಗ ಎಮ್ಮೆಯನ್ನು ನೋಡುತ್ತಾ ಕೈ ಬಿಟ್ಟಿದ್ದ.

ಬೈದು ಸಾಕಾಗಿ, ಊರ ಮಕ್ಕಳಿಗೆ ಓದು ಕಲಿಸುವ ಐಗಳ ಹತ್ತಿರ ಎಳಕೊಂಡು ಹೋದಳು.

"ಇವನ ಮಾತಿಗೆ ಅನ್ವಯವೇ ಇಲ್ಲವಲ್ಲಮ್ಮ!" ಅಂದರು ಐಗಳು.

"ಅದೇನು ಕಾಯಿಲೆ ಸ್ವಾಮಿ?"

"ಕಾಯಿಲೆಯಲ್ಲ, ಸಂಸ್ಕೃತ! 'ಅನು' ಅಂದರೆ ಹಿಂದೆ, 'ಅಯ' ಅಂದರೆ ಹೋಗೋದು. ಒಂದರ ಹಿಂದೆ ಒಂದು ತಪ್ಪದೆ ಹೋಗೋದೇ ಅನ್ವಯ. ತಿಳೀತೇನೋ?"

"ತಿಳೀತು!"

ತಿಳಿಯದೆ ಏನು! ದಾರಿಯಲ್ಲಿ ಗಾಣದ ಎತ್ತು ಕಂಡಿತು. ಹಿಂದೆ ಹೋದ. ಎತ್ತು ಸುತ್ತಿತು, ಇವನೂ ಸುತ್ತಿದ. ಸಂಜೆ ಅವ್ವ ಬಂದು ಕಿವಿ ಹಿಂಡಿದಾಗಲೂ, "ಬಿಡವ್ವಾ, ಅನ್ವಯ ಮಾಡ್ತಿದ್ದೀನಿ!"

ಅವ್ವ ಮತ್ತೆ ಎಳಕೊಂಡು ಬಂದಾಗ ಐಗಳು ಹಲ್ಲು ಕಡಿದರು. "ಎತ್ತಿನ ಹಿಂದೆ ಅಲ್ಲವೋ, ಮಾತಿನ ಹಿಂದೆ ಮಾತು! ಮಾಡಿದವನು ಯಾರು, ಅವನು ಕರ್ತೃ, ಮೊದಲು. ಯಾವುದನ್ನ ಮಾಡಿದ, ಅದು ಕರ್ಮ, ನಡುವೆ. ಕ್ರಿಯೆ ಕೊನೆಗೆ."

"ಕರ್ಮ ಅಂದ್ರೆ?"

"ನನ್ನ ಕರ್ಮ ನೀನೇ ಕಣೋ," ಅಂದಳು ಕೆಂಪೀರಮ್ಮ.

ಸ್ವಲ್ಪ ದಿನಕ್ಕೆ ಐಗಳ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಕಂಡವನು ಮುದ್ದಲಿಂಗ ಒಬ್ಬನೇ. ಕೂಗೋಣ ಅಂದರೆ ಕರ್ತೃ ಬೇಕಲ್ಲ! ಹಚ್ಚಿದವರು ಯಾರು ಅಂತ ಊರೆಲ್ಲ ವಿಚಾರಿಸಿದ. ಪತ್ತೆಯಾದ ಮೇಲೆ ಐಗಳ ಮುಂದೆ ಕೈಕಟ್ಟಿ ನಿಂತ.

"ಒಲೆಯ ಕಿಡಿಯು ನಿಮ್ಮ ಬಣವೆಯನ್ನು ಸುಟ್ಟಿತು."

ವಾಕ್ಯ ಅಚ್ಚುಕಟ್ಟು. ಬಣವೆ ಬೂದಿ.

"ಹಾಳಾದವನೇ!" ಐಗಳು ಬಾಯಿ ಬಡಕೊಂಡರು. "ಅವಸರ ಇದ್ದಾಗ ಕ್ರಿಯೆ ಮೊದಲು! ಮಿಕ್ಕಿದ್ದೆಲ್ಲ ಆಮೇಲೆ!"

ಇಂಥವನಿಗೂ ಹೆಣ್ಣು ಸಿಕ್ಕಿತು. ಹೆಣ್ಣಿನವರದು ದೂರದ ಊರು, ಪುಣ್ಯಕ್ಕೆ ಸುದ್ದಿ ಮುಟ್ಟಿರಲಿಲ್ಲ. ಮದುವೆ ಮಾಡಿಸೋರೂ ಐಗಳೇ. ಈ ಒಂದು ಗಳಿಗೆ ಸುಸೂತ್ರವಾಗಿ ಕಳೆದರೆ ಸಾಕಪ್ಪ ಅಂತ ಕೆಂಪೀರಮ್ಮ ಸೆರಗು ಬಿಗಿಹಿಡಿದು ಕೂತಳು. ಹೆಣ್ಣು ಇನ್ನೂ ಒಳಗೇ ಇತ್ತು.

"ಮುಹೂರ್ತ ಮೀರುತ್ತೆ, ಅವಸರ, ಅವಸರ!" ಅಂತ ಐಗಳು ತಾಳಿಯನ್ನು ಮುದ್ದಲಿಂಗನ ಕೈಗಿಡಲು ಬಗ್ಗಿದರು.

ಅವಸರವೇ? ಕ್ರಿಯೆ ಮೊದಲು! ಬಗ್ಗಿದ್ದ ಕೊರಳಿಗೇ ಕಟ್ಟಿಬಿಟ್ಟ, ಮೂರೂ ಗಂಟು ಬಿಗಿಯಾಗಿ. ವಾಲಗದವರು ಗಟ್ಟಿಮೇಳ ಊದಿದರು. ಅಕ್ಷತೆ ಬಿತ್ತು.

ಇಷ್ಟು ಕಾಲ ವ್ಯಾಕರಣ ಕಲಿಸಿದ ಐಗಳ ಬಾಯಲ್ಲಿ ಕರ್ತೃ ಬರಲಿಲ್ಲ, ಕರ್ಮವೂ ಬರಲಿಲ್ಲ. ಒಂದೇ ಒಂದು ಮಾತು ಬಂತು.

"ಬಿಚ್ಚೋ!"

ಏನನ್ನ ಅಂತ ಹೇಳಿದ್ದರೆ ತಾನೇ! ಅತ್ತ ಹೆಣ್ಣು ಹಸೆಗೆ ಬರೋದಕ್ಕೂ, ಇತ್ತ ಮುದ್ದಲಿಂಗ ಎದ್ದು ನಿಂತು ಪಂಚೆ ಬಿಚ್ಚೋದಕ್ಕೂ ಸರಿಹೋಯಿತು.