ರೋಲರಿನ ಮೈಮೇಲೆ ಹಸಿರು ನಂಬರು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ಮಠದ ಅಡುಗೆ ಉಣ್ಣುವವರು ಸರದಿಯ ಮೇಲೆ ಬಾವಿಯಿಂದ ನೀರು ಹೊರಬೇಕೆಂಬುದು ಇಲ್ಲಿಯ ಕಟ್ಟಳೆ. ನಾನು ಅನ್ನ ಬಿಟ್ಟು ಹಣ್ಣಿನಲ್ಲೇ ಇದ್ದೇನೆ. ನನಗೂ ಸರದಿ ಉಂಟೇ?"

ಅವನ ಕೈಯಲ್ಲಿ ಆಗಷ್ಟೇ ತೊಳೆದ ಸೀಬೆಹಣ್ಣಿತ್ತು, ದನಿಯಲ್ಲಿ ಬಿಗುಮಾನವಿತ್ತು. ಗುರುಗಳು ಎರಡನ್ನೂ ಕಂಡೂ ಕಾಣದವರಂತೆ ಕತೆ ಹೇಳಿದರು.

ಒಂದು ಕಲ್ಲುಕ್ವಾರಿ. ಅಲ್ಲಿಂದ ಹೆದ್ದಾರಿಗೆ ಇದ್ದದ್ದು ಒಂದೇ ಮಣ್ಣಿನ ದಾರಿ. ಅದು ಸರ್ಕಾರ ಮಾಡಿದ್ದಲ್ಲ, ಲಾರಿಯವರೇ ಮಾಡಿಕೊಂಡದ್ದು. ಮಳೆಗೆ ಕಿತ್ತುಹೋದಾಗ ಮಟ್ಟ ಮಾಡಲು ಅವರದೇ ಒಂದು ಹಳೆಯ ರೋಡ್ ರೋಲರ್ ಇತ್ತು. ಲಾರಿಗೆ ಡೀಸೆಲ್ ಹಾಕಿಸಿದವನು ಒಂದು ಸಣ್ಣ ಕ್ಯಾನಿನಷ್ಟನ್ನು ರೋಲರಿನ ಪೀಪಾಯಿಗೆ ಸುರಿಯಬೇಕು. ಅದೇ ಅವರ ತೆರಿಗೆ. ಹಾಗೆ ಸುರಿಯುವ ಲಾರಿಯ ನಂಬರನ್ನು ರೋಲರಿನ ಮೈಮೇಲೆ ಬಣ್ಣದಲ್ಲಿ ಬರೆಯುತ್ತಿದ್ದರು. ಅದೇ ಅವರ ನೋಂದಣಿ. ಅಲ್ಲಿ ನಂಬರಿದ್ದವನು ಆ ದಾರಿಯ ಒಡೆಯರಲ್ಲಿ ಒಬ್ಬ. ಲಾರಿಯವರು ಮಕ್ಕಳನ್ನು ಕರೆತಂದು ತಮ್ಮ ನಂಬರು ತೋರಿಸಿ ಮೀಸೆ ತಿರುವುತ್ತಿದ್ದರು.

ಅವರಲ್ಲೊಬ್ಬ ತನ್ನ ಹಳೆಯ ಲಾರಿ ಮಾರಿ, ಎಲ್ಲರಿಗಿಂತ ಮೊದಲು ಕರೆಂಟಿನ ಲಾರಿ ತಂದ. ಹಸಿರು ನಂಬರ್ ಪ್ಲೇಟು, ಹೊಗೆಯಿಲ್ಲ, ಸದ್ದಿಲ್ಲ. ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪೀಪಾಯಿಯ ಬಳಿ ಹೋಗಿ, ಖಾಲಿ ಕ್ಯಾನನ್ನು ಬೋರಲು ಮಾಡಿ, ಎಲ್ಲರೆದುರು ಅಲ್ಲಾಡಿಸಿ ನಕ್ಕ. ಒಂದು ತೊಟ್ಟೂ ಬೀಳಲಿಲ್ಲ.

"ನಿನ್ ಗಾಡಿ ಡೀಸೆಲ್ ಕುಡಿಯಲ್ಲ. ನೀನು ಕೊಡಬೇಕಾಗಿಲ್ಲ ಕಣಪ್ಪ," ಎಂದ ಲಾರಿಯವರ ಯಜಮಾನ. "ಆದ್ರೆ ನಂಬರು ಬರೆಯೋ ಹಂಗಿಲ್ಲ."

"ಬೇಡ ಬಿಡಿ ಯಜಮಾನ್ರೇ. ಆ ತುಕ್ಕು ಹಿಡಿದ ಕಬ್ಬಿಣದ ಮೇಲೆ ನನ್ ಹೊಸ ಗಾಡಿ ನಂಬರು ಯಾಕೆ?"

ಯಜಮಾನ ಅವನ ಹಳೆಯ ನಂಬರನ್ನು ಕೆರೆದು ಅಳಿಸಿದ.

ಅವನನ್ನು ನೋಡಿ ಇನ್ನೊಬ್ಬ ಕರೆಂಟಿನ ಲಾರಿ ತಂದ, ಮತ್ತೊಬ್ಬ ತಂದ. ಉಳಿದವರು ನಾವು ಮಾತ್ರ ಯಾಕೆ ಸುರಿಯಬೇಕೆಂದು ಗೊಣಗುತ್ತಾ ಕೈ ಬಿಗಿ ಹಿಡಿದರು. ಪೀಪಾಯಿ ಬತ್ತಿತು, ರೋಲರ್ ನಿಂತಿತು. ಮಳೆಗಾಲ ಮುಗಿಯುವ ಹೊತ್ತಿಗೆ ದಾರಿಯ ತುಂಬ ಗುಂಡಿಗಳು. ಕಲ್ಲು ಕೊಳ್ಳುವವರು ಬೇರೆ ಕ್ವಾರಿ ಹುಡುಕತೊಡಗಿದರು. ಇನ್ನು ಸ್ವಲ್ಪ ದಿನ ಹೀಗೇ ಬಿಟ್ಟರೆ ಎಲ್ಲರ ಅನ್ನಕ್ಕೂ ಕಲ್ಲು ಬೀಳುವುದಿತ್ತು.

ಒಂದು ದಿನ, ಖಾಲಿ ಕ್ಯಾನು ಅಲ್ಲಾಡಿಸಿದ್ದವನ ಲಾರಿ ಗುಂಡಿಗೆ ಇಳಿಯಿತು. ಕಲ್ಲಿನ ಭಾರದ ಜೊತೆಗೆ ಬ್ಯಾಟರಿಯ ಭಾರವೂ ಇತ್ತಲ್ಲ, ಬೇರೆ ಯಾವ ಲಾರಿಯೂ ಹೂತುಹೋಗದಷ್ಟು ಆಳಕ್ಕೆ ಹೂತುಕೊಂಡಿತು. ಹಿಂದೆ ಬಂದ ಡೀಸೆಲ್ ಲಾರಿಯವರು ಹಗ್ಗ ಕಟ್ಟಿ ಎಳೆದು ಮೇಲೆ ತಂದರು. ಯಾರೂ ಖಾಲಿ ಕ್ಯಾನಿನ ಮಾತೆತ್ತಲಿಲ್ಲ. ಎತ್ತಿದ್ದರೆ ಅವನಿಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಕಲ್ಲು ತುಂಬಿಸಿಕೊಳ್ಳಲಿಲ್ಲ. ಖಾಲಿ ಲಾರಿಯನ್ನು ರೋಲರಿನ ಮುಂದೆ ನಿಲ್ಲಿಸಿ ಸರಪಳಿ ಬಿಗಿದ.

"ಕಟ್ಟಳೆ ನಿನ್ನನ್ನ ಏನೂ ಕೇಳಿಲ್ಲವಲ್ಲೋ?" ಎಂದ ಯಜಮಾನ.

"ನನ್ ಗಾಡಿ ಏನು ಕುಡಿಯುತ್ತೆ ಅಂತ ಕೇಳ್ತು ಯಜಮಾನ್ರೇ, ಎಲ್ಲಿ ಓಡುತ್ತೆ ಅಂತ ಕೇಳಲಿಲ್ಲ. ಹತ್ತಿ, ಸ್ಟೇರಿಂಗ್ ಹಿಡೀರಿ."

ಯಜಮಾನ ರೋಲರ್ ಹತ್ತಿದ. ಉಳಿದವರು ಗುಂಡಿಗಳಿಗೆ ಜಲ್ಲಿ ಸುರಿಯುತ್ತಾ ಹೋದರು. ಸಂಜೆಯ ಹೊತ್ತಿಗೆ ದಾರಿ ಹೆದ್ದಾರಿಯವರೆಗೆ ಮಟ್ಟವಾಯಿತು. ಮುಂದಿನ ಸಲ ಎಳೆಯುವ ಸರದಿ ನಮ್ಮದು ಎಂದು ಉಳಿದ ಕರೆಂಟಿನ ಲಾರಿಯವರು ತಾವಾಗಿಯೇ ಬಂದು ಹೇಳಿದರು.

ಯಜಮಾನ ಹಸಿರು ಬಣ್ಣದ ಡಬ್ಬಿ ತರಿಸಿ, ಹಳೆಯ ನಂಬರು ಅಳಿಸಿದ ಜಾಗದಲ್ಲೇ ಹೊಸದನ್ನು ಬರೆದ. ಲಾರಿಯವನಿಗೆ ತಡೆದುಕೊಳ್ಳಲಾಗಲಿಲ್ಲ. ಹಸಿಯಿರುವಾಗಲೇ ಮುಟ್ಟಿ ನೋಡಿದ. ಹೊಸ ಲಾರಿ ತಂದ ದಿನವೂ ಅವನ ಎದೆ ಇಷ್ಟು ಉಬ್ಬಿರಲಿಲ್ಲ. ಮನೆಗೆ ಹೋಗಿ, ಬಣ್ಣ ಮೆತ್ತಿದ ಅಂಗೈಯನ್ನು ಹೆಂಡತಿಗೆ ತೋರಿಸಿದ ಮೇಲೆಯೇ ಕೈ ತೊಳೆದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಸೋಲಲಿಲ್ಲ.

"ಅವನ ಲಾರಿ ಆ ದಾರಿಯ ಮೇಲೆ ಓಡುತ್ತಿತ್ತು, ಗುರುಗಳೇ. ನಾನು ಅಡುಗೆಮನೆಯ ಹೊಸ್ತಿಲನ್ನೂ ತುಳಿಯುವುದಿಲ್ಲವಲ್ಲ?"

ಗುರುಗಳು ಒಂದೇ ಒಂದು ಪ್ರಶ್ನೆ ಕೇಳಿದರು:

"ಆ ಸೀಬೆಹಣ್ಣು ತೊಳೆದ ನೀರನ್ನು ಹೊತ್ತು ತಂದವರು ಯಾರು?"